ಸಿರೆಯಲ್ಲಿ ಕೀವು: ಕಾರಣವಾಗುವ ಬ್ಯಾಕ್ಟೀರಿಯಾಗಳು

ಚರ್ಮದ ಕೆಳಗೇ ಹಾದುಹೋಗುವ ಸಿರೆಯು ಉರಿಯೂತಕ್ಕೊಳಗಾಗಿ, ಅದರೊಳಗೆ ರಕ್ತ ಹೆಪ್ಪುಗಟ್ಟುವ ಸ್ಥಿತಿಗೆ ಥ್ರಾಂಬೋಫ್ಲೆಬೈಟಿಸ್ ಎಂದು ಹೆಸರು. ಕಾಲಿನ ಉಬ್ಬಿದ ಸಿರೆಗಳಲ್ಲಿ ಕಾಣಿಸಿಕೊಳ್ಳುವ ಇಂತಹ ಬಾವಿನಲ್ಲಿ ಸಾಮಾನ್ಯವಾಗಿ ಸೋಂಕು ಇರುವುದಿಲ್ಲ. ಆದರೆ ಹೆಪ್ಪುಗಟ್ಟಿದ ರಕ್ತದಲ್ಲಿ ಬ್ಯಾಕ್ಟೀರಿಯಾಗಳು ನೆಲೆಯೂರಿ ಕೀವಾದರೆ ಅದು ಪ್ರಾಣಕ್ಕೇ ಎರವಾಗಬಲ್ಲದು.

ರೋಗಾಣುಗಳ ಮುಖ್ಯ ಪ್ರವೇಶದ್ವಾರವೆಂದರೆ ಗ್ಲೂಕೋಸ್ ಅಥವಾ ಔಷಧ ಹರಿಸಲು ಕೈಗೆ ಚುಚ್ಚುವ ಕ್ಯಾನುಲಾ. ರೋಗಿಯ ಚರ್ಮದ ಮೇಲಿರುವ ಅಥವಾ ಆರೈಕೆ ಮಾಡುವವರ ಕೈಯಿಂದ ಬಂದ ಬ್ಯಾಕ್ಟೀರಿಯಾಗಳು ಅದರ ಪ್ಲಾಸ್ಟಿಕ್ ಮೇಲ್ಮೈಗೆ ಅಂಟಿಕೊಂಡು, ಲೋಳೆಯ ಪದರವೊಂದನ್ನು ಕಟ್ಟಿಕೊಳ್ಳುತ್ತವೆ. ಈ ಪದರದೊಳಗೆ ಅಡಗಿರುವ ರೋಗಾಣುಗಳನ್ನು ಔಷಧವು ಸುಲಭವಾಗಿ ನಾಶಪಡಿಸಲಾರದು. ಸುಟ್ಟಗಾಯದ ರೋಗಿಗಳಿಗೂ ಮಾದಕವಸ್ತು ಚುಚ್ಚಿಕೊಳ್ಳುವವರಿಗೂ ಅಪಾಯ ಹೆಚ್ಚು.

ಕಾರಣಕರ್ತರಲ್ಲಿ ಅಗ್ರಸ್ಥಾನ ಸ್ಟ್ಯಾಫಿಲೋಕಾಕಸ್ ಆರಿಯಸ್‌ನದು. ದ್ರಾಕ್ಷಿ ಗೊಂಚಲಿನಂತೆ ಕಾಣುವ ಈ ಗುಂಪಿನ ರೋಗಾಣುಗಳಿಗೆ 1882ರಲ್ಲಿ ಸ್ಟ್ಯಾಫಿಲೋಕಾಕಸ್ ಎಂದು ಹೆಸರಿಟ್ಟವರು ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್. ಮೆಥಿಸಿಲಿನ್ ಔಷಧಕ್ಕೆ ಬಗ್ಗದ ಇದರ ತಳಿಗಳು 1961ರಲ್ಲಿ ಇಂಗ್ಲೆಂಡಿನಿಂದ ವರದಿಯಾದವು. ಚರ್ಮವಾಸಿಯಾದ ಸ್ಟ್ಯಾಫಿಲೋಕಾಕಸ್ ಎಪಿಡರ್ಮಿಡಿಸ್ ಕೂಡ ಕ್ಯಾನುಲಾ ಮೂಲಕ ಒಳಸೇರುತ್ತದೆ. ಕ್ಲೆಬ್ಸಿಯೆಲ್ಲಾ, ಎಂಟೆರೋಬ್ಯಾಕ್ಟರ್, ಇ. ಕೋಲೈ ಹಾಗೂ ಸ್ಯೂಡೋಮೊನಾಸ್ ಮೊದಲಾದ ಗ್ರಾಮ್ ಋಣ ಬ್ಯಾಕ್ಟೀರಿಯಾಗಳು ಆಸ್ಪತ್ರೆಯಲ್ಲಿ ಬಹುಕಾಲ ಇದ್ದವರನ್ನೂ ಸುಟ್ಟಗಾಯದ ರೋಗಿಗಳನ್ನೂ ಹೆಚ್ಚಾಗಿ ಕಾಡುತ್ತವೆ.

ಸಿರೆಯ ಗುಂಟ ಕೆಂಪು, ನೋವು, ಬಿಸಿ, ಹಗ್ಗದಂತಹ ಗಡಸುತನ, ಚಳಿಜ್ವರ ಇವು ಲಕ್ಷಣಗಳು. ಸೂಜಿ ಚುಚ್ಚಿದ ಜಾಗವನ್ನು ಒತ್ತಿದಾಗ ಕೀವು ಬಂದರೆ ಸಂಶಯಕ್ಕೆಡೆಯಿಲ್ಲ. ಆದರೆ ಕೀವು ಕಾಣದಿದ್ದ ಮಾತ್ರಕ್ಕೆ ಸೋಂಕಿಲ್ಲವೆಂದು ಹೇಳಲಾಗದು. ಕ್ಯಾನುಲಾ ತೆಗೆದ ಕೆಲವು ದಿನಗಳ ನಂತರ ಜ್ವರ ಕಾಣಿಸಿಕೊಳ್ಳುವುದೂ ಉಂಟು. ಸೋಂಕು ತಗುಲಿದ ಹೆಪ್ಪಿನ ತುಣುಕುಗಳು ರಕ್ತದೊಡನೆ ಸಾಗಿ ಶ್ವಾಸಕೋಶವನ್ನು ಸೇರಬಹುದು. ಹೃದಯದ ಕವಾಟಗಳಿಗೂ ಸೋಂಕು ಹರಡಬಹುದು.

ಕಾರಣವಾದ ಬ್ಯಾಕ್ಟೀರಿಯಾ ಯಾವುದೆಂದು ರಕ್ತ ಹಾಗೂ ಕೀವಿನ ಕಲ್ಚರ್ ಪರೀಕ್ಷೆಯಿಂದ ತಿಳಿಯುತ್ತದೆ. ಚಿಕಿತ್ಸೆಯ ಮೊದಲ ಹೆಜ್ಜೆ ಕ್ಯಾನುಲಾವನ್ನು ಕೂಡಲೇ ತೆಗೆಯುವುದು. ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಆರಂಭಿಸಿದ ಆಂಟಿಬಯಾಟಿಕ್ ಅನ್ನು ವರದಿ ಬಂದ ಬಳಿಕ ಅಗತ್ಯವಿದ್ದರೆ ಬದಲಿಸಲಾಗುತ್ತದೆ. ಔಷಧದಿಂದ ಗುಣ ಕಾಣದಿದ್ದಲ್ಲಿ ಸೋಂಕಿತ ಸಿರೆಯನ್ನೇ ಶಸ್ತ್ರಕ್ರಿಯೆಯಿಂದ ತೆಗೆಯಬೇಕಾಗುತ್ತದೆ.

ಶುಚಿಯಾದ ಕೈ, ಪ್ರತಿದಿನದ ತಪಾಸಣೆ, ಅಗತ್ಯ ಮುಗಿದೊಡನೆ ಕ್ಯಾನುಲಾ ತೆಗೆಯುವುದು ಇವೇ ಮುನ್ನೆಚ್ಚರಿಕೆಗಳು. ಮನೆಗೆ ಮರಳಿದ ಮೇಲೂ ಕ್ಯಾನುಲಾ ಇದ್ದ ಜಾಗ ಕೆಂಪಾಗಿ ಜ್ವರ ಬಂದರೆ, ಬರಿಯ ಬಿಸಿನೀರಿನ ಶಾಖಕ್ಕೆ ತೃಪ್ತರಾಗದೆ ವೈದ್ಯರನ್ನು ಕಾಣುವುದು ಕ್ಷೇಮ.