ಮಂಗಳೂರು ಸೀಮೆಯಲ್ಲಿ ಮಳೆ, ಕಡಲು ಮತ್ತು ಭೂಕಂಪಗಳ ವೀಕ್ಷಣೆ: ಒಂದು ಚಾರಿತ್ರಿಕ ಸಮೀಕ್ಷೆ

ನಮ್ಮ ನಾಡಿನ ಇತಿಹಾಸವನ್ನು ಬರೆಯಹೊರಟ ವಿದ್ವಾಂಸರು ಶಾಸನ, ಕೈಫಿಯತ್ತು, ಕಡತಗಳನ್ನು ಶ್ರದ್ಧೆಯಿಂದ ಶೋಧಿಸಿದ್ದಾರೆ. ಆದರೆ ಮಳೆಯ ಲೆಕ್ಕದ ಪುಸ್ತಕವನ್ನೂ ಚರಿತ್ರೆಯ ಆಕರವೆಂದು ಎಣಿಸಿದವರು ವಿರಳ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಗಿಲಾದ ಮಳೆಯನ್ನು ಪಡೆಯುವ, ನೇತ್ರಾವತಿ ಮತ್ತು ಗುರುಪುರ ನದಿಗಳು ಕೂಡಿ ಕಡಲನ್ನು ಸೇರುವ ಅಳಿವೆಯ ದಡದಲ್ಲಿ ನಿಂತಿರುವ ಮಂಗಳೂರಿನ ಮಟ್ಟಿಗೆ ಈ ಉಪೇಕ್ಷೆ ಸಲ್ಲದು. ಇಲ್ಲಿ ಪ್ರಕೃತಿಯ ವೀಕ್ಷಣೆ ಹೇಗೆ ಬೆಳೆದು ಬಂದಿತು, ಅದರ ದಾಖಲೆಗಳನ್ನು ಹೇಗೆ ಓದಬೇಕು ಎಂಬ ಎರಡು ವಿಷಯಗಳನ್ನು ಪ್ರಕೃತ ಲೇಖನದಲ್ಲಿ ವಿಚಾರಿಸಲಿದ್ದೇವೆ.

ಉಪಕರಣಗಳು ಬರುವ ಮುನ್ನ ವೀಕ್ಷಣೆಯೇ ಇರಲಿಲ್ಲವೆಂದು ಭಾವಿಸಬಾರದು. ಸೂರ್ಯನು ಒಂದೊಂದು ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳನ್ನು ಹಿಡಿದು, ರೋಹಿಣಿ, ಮೃಗಶಿರಾ, ಆರ್ದ್ರಾ ಎಂದು ಮಳೆಗಳನ್ನು ಹೆಸರಿಸಿದ ರೈತನು ಒಂದು ಬಗೆಯ ಪಂಚಾಂಗವನ್ನೇ ರಚಿಸಿಕೊಂಡಿದ್ದನು. ತುಳುನಾಡಿನಲ್ಲಿ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಯಂದು ಭೂತಕೋಲಗಳೂ ಯಕ್ಷಗಾನ ಮೇಳಗಳ ತಿರುಗಾಟವೂ ನಿಲ್ಲುವುದು ಮುಂಗಾರಿನ ಆಗಮನವನ್ನು ಬಲ್ಲ ಸಮಾಜದ ಏರ್ಪಾಟು. ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲಸಿದ್ದ ಯೆಹೂದಿ ವರ್ತಕ ಅಬ್ರಹಾಂ ಬೆನ್ ಯಿಜುವಿನ ಏಡನ್ ವ್ಯಾಪಾರವೂ ಮಾರುತಗಳ ಕಾಲವನ್ನೇ ನಂಬಿದ್ದಿತು. ಆದರೆ ಈ ತಿಳಿವಳಿಕೆ ಮಳೆ ಯಾವಾಗ ಎಂಬುದನ್ನು ಹೇಳುತ್ತಿತ್ತೇ ಹೊರತು ಎಷ್ಟು ಎಂಬುದನ್ನು ಹೇಳುತ್ತಿರಲಿಲ್ಲ.

ಪ್ರಮಾಣದ ಲೆಕ್ಕವು ಬಂದುದು ಬ್ರಿಟಿಷ್ ಆಡಳಿತದೊಡನೆ. 1799ರಲ್ಲಿ ಕೆನರಾ ಪ್ರಾಂತವು ಕಂಪನಿಯ ವಶವಾಯಿತು. 1864ರ ಕಲಕತ್ತೆಯ ಚಂಡಮಾರುತ ಮತ್ತು 1866ರ ಒರಿಸ್ಸಾ ಕ್ಷಾಮ ಇವೆರಡೂ ಸರಕಾರದ ಕಣ್ಣು ತೆರೆಸಿದವು. 1875ರಲ್ಲಿ ಬ್ಲಾನ್‌ಫರ್ಡನ ನೇತೃತ್ವದಲ್ಲಿ ಭಾರತೀಯ ಪವನಶಾಸ್ತ್ರ ಇಲಾಖೆ ಸ್ಥಾಪಿತವಾಯಿತು. ಕಂದಾಯ ಕಚೇರಿಗಳ ಅಂಗಳದ ಮಳೆಮಾಪಕವನ್ನು ದಿನವೂ ಬೆಳಗ್ಗೆ ನೋಡಿ, ಅಂಗುಲ ಮತ್ತು ಸೆಂಟುಗಳಲ್ಲಿ ಬರೆದಿಟ್ಟವರು ಅನಾಮಧೇಯ ನೌಕರರು. 1957ರಲ್ಲಿ ಮೆಟ್ರಿಕ್ ಪದ್ಧತಿ ಬರುವವರೆಗೂ ಇದೇ ಮಾನ ನಡೆಯಿತು. ಬೆಳೆ, ಕಂದಾಯ, ಕ್ಷಾಮ ಇವುಗಳ ಚಿಂತೆಯೇ ಈ ಲೆಕ್ಕದ ಮೂಲ. ವಿಜ್ಞಾನವು ಅದರ ಫಲವನ್ನು ಅನಂತರ ಉಂಡಿತು.

ಕಡಲಿನ ವೀಕ್ಷಣೆ ಕೊಂಚ ತಡವಾಗಿ ಮೊದಲಾಯಿತು. ಬಂದರುಗಳಿಗೆ ಬಿರುಗಾಳಿಯ ಮುನ್ಸೂಚನೆ ಕೊಡುವ ಏರ್ಪಾಟು ಕಲಕತ್ತೆಯಲ್ಲಿ 1865ರಲ್ಲಿ, ಪಶ್ಚಿಮ ಕರಾವಳಿಯಲ್ಲಿ 1880ರಲ್ಲಿ ಪ್ರಾರಂಭವಾಯಿತು. ಕಾರವಾರದಲ್ಲಿ 1878ರಿಂದ ಕೆಲವು ವರ್ಷ ಉಬ್ಬರವಿಳಿತಗಳನ್ನು ಯಂತ್ರದಿಂದ ಅಳೆದರು. ಪಣಂಬೂರಿನಲ್ಲಿ 1975ರಲ್ಲಿ ನವಮಂಗಳೂರು ಬಂದರು ಉದ್ಘಾಟನೆಗೊಂಡಿತು. ಆ ದಶಕದಿಂದೀಚೆಗೆ ಅಲ್ಲಿಯ ಸಮುದ್ರಮಟ್ಟದ ಅಳತೆಗಳು ಅಂತರರಾಷ್ಟ್ರೀಯ ಸಂಗ್ರಹಗಳಲ್ಲಿಯೂ ಸೇರಿವೆ.

ಈ ದಾಖಲೆಗಳ ಬೆಲೆಯನ್ನು ತಿಳಿಯಲು 1923ರ ನೆರೆಯೊಂದು ಸಾಕು. ತುಳುವಿನಲ್ಲಿ ನೆರೆಗೆ ಬೊಳ್ಳವೆಂದು ಹೆಸರು. ಆ ವರ್ಷದ್ದನ್ನು ಜನರು ‘ಮಾರಿ ಬೊಳ್ಳ’ವೆಂದೇ ಕರೆದರು. 1974ರಲ್ಲಿ ಬಂಟವಾಳವು ಮತ್ತೆ ಮುಳುಗಿದಾಗ ಹಿರಿಯರು ಹೋಲಿಸಿದುದು ಇದರೊಡನೆಯೇ. ಯಾವುದು ದೊಡ್ಡದು ಎಂಬ ಪ್ರಶ್ನೆಗೆ ಮಂಗಳೂರಿನ ಮಳೆಯ ಲೆಕ್ಕವೊಂದೇ ಉತ್ತರ ಕೊಡಲಾರದು. ನೇತ್ರಾವತಿಗೆ ನೀರು ಬರುವುದು ಘಟ್ಟದ ಮಳೆಯಿಂದ. ಕುಮಾರಧಾರೆಯು ಉಪ್ಪಿನಂಗಡಿಯಲ್ಲಿ ಕೂಡಿ ಅದನ್ನು ಹೆಚ್ಚಿಸುತ್ತದೆ. ಅಳಿವೆಯಲ್ಲಿ ಉಬ್ಬರವಿದ್ದರೆ ನದಿಯ ನೀರು ಇಳಿಯದೆ ತಡೆಯುತ್ತದೆ. ಪಟ್ಟಣದಲ್ಲಿ ಬಿಸಿಲಿದ್ದರೂ ಬಂಟವಾಳದಲ್ಲಿ ನೆರೆ ಬರಬಹುದು. ಆದುದರಿಂದ ಘಟ್ಟದ ಮಳೆ, ನದಿಯ ಮಟ್ಟ, ಕಡಲಿನ ಮಟ್ಟ ಈ ಮೂರನ್ನೂ ಒಂದೇ ದಿನಾಂಕದಡಿ ಇಟ್ಟು ಓದಿದರೆ ಮಾತ್ರ ನೆರೆಯ ಇತಿಹಾಸ ಸಿದ್ಧಿಸೀತು. ಬಂಟವಾಳದಲ್ಲಿ 8.5 ಮೀಟರನ್ನು ಅಪಾಯದ ಮಟ್ಟವೆಂದು ಗುರುತಿಸಿರುವುದೂ ಹಿಂದಿನ ನೆರೆಗಳ ಅನುಭವದಿಂದಲೇ ಅರ್ಥ ಪಡೆಯುತ್ತದೆ.

ಭೂಕಂಪದ ವಿಷಯದಲ್ಲಿ ಕರ್ನಾಟಕಕ್ಕೆ ವಿಶಿಷ್ಟ ಸ್ಥಾನವುಂಟು. ಪರಮಾಣು ಸ್ಫೋಟಗಳನ್ನು ದೂರದಿಂದಲೇ ಪತ್ತೆ ಹಚ್ಚಲೆಂದು 1965ರಲ್ಲಿ ಗೌರಿಬಿದನೂರಿನಲ್ಲಿ ಭೂಕಂಪಮಾಪಕಗಳ ಜಾಲವೊಂದು ಸ್ಥಾಪಿತವಾಯಿತು. 1967ರ ಕೊಯ್ನಾ ಭೂಕಂಪವು ದಖ್ಖಣದ ನೆಲ ಅಚಲವೆಂಬ ನಂಬಿಕೆಯನ್ನು ಅಲುಗಿಸಿತು. 2004ರ ಡಿಸೆಂಬರ್ 26ರ ಸುನಾಮಿಯ ಬಳಿಕ 2007ರಲ್ಲಿ ಹೈದರಾಬಾದಿನಲ್ಲಿ ಎಚ್ಚರಿಕೆಯ ಕೇಂದ್ರವು ತೆರೆಯಿತು. 2022ರ ಜೂನ್ ಅಂತ್ಯದಲ್ಲಿ ಸುಳ್ಯ, ಸಂಪಾಜೆ, ಚೆಂಬು ಪ್ರದೇಶಗಳಲ್ಲಿ ನೆಲ ಪದೇ ಪದೇ ನಡುಗಿದಾಗ, ಅವುಗಳಲ್ಲಿ ಒಂದರ ಪ್ರಮಾಣ 3.0 ಎಂದು ಯಂತ್ರಗಳು ತಿಳಿಸಿದವು. ನೂರು ವರ್ಷಗಳ ಹಿಂದೆ ಇಂಥದು ಬರಿಯ ವದಂತಿಯಾಗಿ ಉಳಿಯುತ್ತಿತ್ತು. 1988ರಲ್ಲಿ ಬರಗಾಲದ ಮೇಲ್ವಿಚಾರಣೆಗೆಂದು ಹುಟ್ಟಿದ ರಾಜ್ಯದ ಸಂಸ್ಥೆಯೇ ಇಂದು ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರವಾಗಿ ಮಳೆ ಮತ್ತು ಕಂಪನಗಳ ವಾರ್ತೆಯನ್ನು ಒದಗಿಸುತ್ತಿದೆ.

ಇಷ್ಟಾದರೂ ಇತಿಹಾಸಕಾರನು ಎರಡು ಎಡರುಗಳನ್ನು ಮರೆಯಬಾರದು. ಮೊದಲನೆಯದು ಸ್ಥಳದ ಬದಲಾವಣೆ. ಪಣಂಬೂರು ಕಡಲ ಮಟ್ಟದಲ್ಲಿದೆ. 1951ರಲ್ಲಿ ವಿಮಾನನಿಲ್ದಾಣ ತೆರೆದ ಬಜಪೆಯಾದರೋ ಸುಮಾರು ನೂರು ಮೀಟರ್ ಎತ್ತರದ ಗುಡ್ಡದ ಮೇಲಿದೆ. ಇವೆರಡರ ಅಂಕಿಗಳನ್ನು ವಿವೇಚನೆಯಿಲ್ಲದೆ ಜೋಡಿಸಿ ಹವೆ ಬದಲಾಯಿತೆಂದು ಸಾರಿದರೆ, ಬದಲಾದುದು ಹವೆಯೋ ಮಾಪಕವಿದ್ದ ತಾಣವೋ ಎಂಬುದು ತಿಳಿಯದು. ಎರಡನೆಯದು ಗಡಿಗಳ ಬದಲಾವಣೆ. 1862ರಲ್ಲಿ ಉತ್ತರ ಕೆನರಾ ಮುಂಬಯಿಗೆ ಹೋಯಿತು. ದಕ್ಷಿಣ ಕನ್ನಡವು 1956ರವರೆಗೆ ಮದರಾಸಿನಲ್ಲಿದ್ದು ಮೈಸೂರನ್ನು ಸೇರಿತು. ಕಾಸರಗೋಡು ಕೇರಳಕ್ಕೆ ಸಂದಿತು. ಒಂದೇ ಮುಂಗಾರಿನ ಕಥೆ ಹಲವು ಸರಕಾರಗಳ ಕಡತಗಳಲ್ಲಿ ಹಂಚಿಹೋಗಿದೆ.

ಉಪಗ್ರಹಗಳು ಇಂದಿನ ಮೋಡವನ್ನು ತೋರಿಸಬಲ್ಲವು, 1923ರ ಮೋಡವನ್ನು ತೋರಿಸಲಾರವು. ಅದಕ್ಕೆ ಹಳೆಯ ರಿಜಿಸ್ಟರುಗಳೇ ಗತಿ. ಕಡಲ ಕೊರೆತವೂ ನೆರೆಯೂ ಉಳ್ಳಾಲ, ಬಂಟವಾಳಗಳ ಜನರ ಮನೆಬಾಗಿಲಿಗೆ ಬರುವ ಈ ಕಾಲದಲ್ಲಿ, ಗೆದ್ದಲಿಗೆ ತುತ್ತಾಗುವ ಮುನ್ನ ತಾಲ್ಲೂಕು ಕಚೇರಿಗಳ ಮಳೆಲೆಕ್ಕವನ್ನು ನಕಲು ಮಾಡಿಕೊಳ್ಳುವುದು ನಮ್ಮ ಕಾಲೇಜುಗಳ ಇತಿಹಾಸ ವಿಭಾಗಗಳು ಕೈಗೊಳ್ಳತಕ್ಕ ಕೆಲಸ. ಇದಕ್ಕೆ ಹೆಚ್ಚಿನ ಹಣ ಬೇಡ. ತಾಳ್ಮೆಯುಳ್ಳ ವಿದ್ಯಾರ್ಥಿಗಳು ಬೇಕು. ಸೆಂಟುಗಳಲ್ಲಿ ಮಳೆಯನ್ನು ಬರೆದಿಟ್ಟ ಆ ಅನಾಮಧೇಯ ನೌಕರರ ಋಣವನ್ನು ತೀರಿಸಲು ಇದಕ್ಕಿಂತ ಮಿಗಿಲಾದ ಮಾರ್ಗವು ನಮಗೆ ಕಾಣದು.