ವ್ಯಾಟ್ ಹೆಚ್ಚಾದರೆ ಬೇಸ್ ಗಿಟಾರ್ ಸದ್ದೂ ಅಷ್ಟೇ ಹೆಚ್ಚುತ್ತದೆಯೇ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಗಣಪತಿ ಹಬ್ಬದ ರಸಮಂಜರಿಗೆ ಬೇಸ್ ಗಿಟಾರ್ ನುಡಿಸುವವರು ಆಂಪ್ಲಿಫೈಯರ್ ಕೊಳ್ಳುವಾಗ ಮೊದಲು ನೋಡುವುದು ವ್ಯಾಟ್. 200 ವ್ಯಾಟಿನದು 100 ವ್ಯಾಟಿನದಕ್ಕಿಂತ ಎರಡು ಪಟ್ಟು ಜೋರು ಎಂಬ ನಂಬಿಕೆಯಿದೆ. ಅದು ನಿಜವಲ್ಲ. ವ್ಯಾಟ್ ಎರಡು ಪಟ್ಟಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರೆನಿಸಲು ಸುಮಾರು 10 ಪಟ್ಟು ವ್ಯಾಟ್ ಬೇಕು.

ಮನೆಯಲ್ಲಿ ಗುಡುಗುವ ಬೇಸ್ ಬಯಲಿನಲ್ಲಿ ಸಪ್ಪೆಯಾಗುವುದೇಕೆ? ಅದರ ದಪ್ಪ ತಂತಿಯ ಸ್ವರ 41 ಹರ್ಟ್ಸ್, ತರಂಗದ ಉದ್ದ ಸುಮಾರು 8 ಮೀಟರ್. ಕೋಣೆಯ ಗೋಡೆಗಳು ಅದನ್ನು ಹಿಂದಿರುಗಿಸುತ್ತವೆ. ಗರಿಯ ಚಪ್ಪರದಿಂದ ಅದು ಹಾಯಾಗಿ ಹೊರಹೋಗುತ್ತದೆ. ಆದ್ದರಿಂದ ಸ್ಪೀಕರನ್ನು ಮೇಜಿನ ಮೇಲಲ್ಲ, ನೆಲದ ಮೇಲಿಡಿ. ನುಡಿಸುವವರಿಗೆ ಸಣ್ಣ ಆಂಪ್ಲಿಫೈಯರ್ ಸಾಕು. ಜನರಿಗೆ ಕೇಳಿಸಲು ಡಿಐ ಬಾಕ್ಸ್ ಮೂಲಕ ಮಿಕ್ಸರಿಗೆ ಜೋಡಿಸಿ.

ಇದಕ್ಕಿಂತ ಅಪಾಯಕಾರಿ ನಂಬಿಕೆ ಇನ್ನೊಂದಿದೆ: ಗುಂಯ್‌ಗುಡುವ ಸದ್ದು ನಿಲ್ಲಿಸಲು ಪ್ಲಗ್ಗಿನ ಅರ್ಥ್ ವೈರ್ ತೆಗೆದುಹಾಕುವುದು. ಗಿಟಾರಿನ ತಂತಿಗಳಿಗೂ ಆಂಪ್ಲಿಫೈಯರಿನ ಲೋಹದ ಹೊದಿಕೆಗೂ ಕೇಬಲ್ ಮೂಲಕ ಸಂಪರ್ಕವಿರುತ್ತದೆ. ಅರ್ಥ್ ಇಲ್ಲದಾಗ ಒಳಗೆ ದೋಷವಾದರೆ 230 ವೋಲ್ಟ್ ತಂತಿಗೇ ಬರಬಹುದು. ತುಟಿ ಮೈಕಿಗೆ ತಾಗಿದರೆ ಕರೆಂಟ್ ದೇಹದ ಮೂಲಕ ಹರಿದು ಜೀವವೇ ಹೋಗಬಹುದು. ಸದ್ದು ನಿಲ್ಲಿಸಲು ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಗುಂಡಿ ಬಳಸಿ.

ನಾವು ಹೇಳುವುದಿಷ್ಟು: ದೊಡ್ಡ ಆಂಪ್ಲಿಫೈಯರಿಗೆ ಮೊದಲು ಸರಿಯಾದ ಅರ್ಥಿಂಗ್ ಮತ್ತು 30 ಮಿಲಿಆಂಪಿಯರಿನ ಆರ್‌ಸಿಸಿಬಿಗೆ ಹಣ ಎತ್ತಿಡಿ. ವೇದಿಕೆ ಹತ್ತುವ ಮುನ್ನ ಇವೆರಡನ್ನೂ ಎಲೆಕ್ಟ್ರಿಷಿಯನ್ ಕೈಲಿ ಪರೀಕ್ಷಿಸಿಕೊಳ್ಳಿ.