ಕುರ್ಚಿ ಬಿಟ್ಟಿಳಿದ ಮೇಷ್ಟ್ರು

ಶಾಲೆಗೆ ಸೇರಿದ ಮಗು ನಡುವೆಯೇ ಬಿಟ್ಟುಹೋಗಲು ಬಡತನವೊಂದೇ ಕಾರಣವಲ್ಲ. ಮೇಷ್ಟ್ರ ಭಯವೂ ಕಾರಣ. ಇದನ್ನರಿತ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿಬಂದು, ಯುನಿಸೆಫ್ ನೆರವಿನಿಂದ 1995ರಲ್ಲಿ 'ನಲಿ-ಕಲಿ' ಆರಂಭಿಸಿದರು. ಮೇಷ್ಟ್ರು ಮಕ್ಕಳ ನಡುವೆ ನೆಲದ ಮೇಲೆ ಕುಳಿತರು. ಬೆತ್ತದ ಜಾಗಕ್ಕೆ ಹಾಡು, ಕಥೆ, ಆಟ ಬಂದವು. ಪಾಠಗಳು ಕಾರ್ಡುಗಳಾಗಿ, ಕಲಿಕೆಯ ಏಣಿಯ ಮೆಟ್ಟಿಲುಗಳಾದವು. ಸುಗ್ಗಿಗೋ ದನ ಕಾಯಲೋ ಹೋಗಿ ವಾರ ತಪ್ಪಿಸಿದ ಮಗು, ಮರಳಿದಾಗ ತಾನು ನಿಲ್ಲಿಸಿದ್ದ ಮೆಟ್ಟಿಲಿನಿಂದಲೇ ಮುಂದುವರಿಯಬಹುದಿತ್ತು; ಹಿಂದೆ ಬಿದ್ದ ನಾಚಿಕೆಯಿರಲಿಲ್ಲ.

2009-10ರಲ್ಲಿ ಈ ಪದ್ಧತಿ ಕಡೂರು, ತರೀಕೆರೆ ಸೇರಿದಂತೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಆರಂಭದ ತರಗತಿಗಳಿಗೆ ಬಂತು. ಕಾರ್ಡುಗಳನ್ನು ಸರ್ಕಾರ ಹಂಚಬಲ್ಲದು. ಆದರೆ ಮಗುವನ್ನು ಹೆಸರು ಹಿಡಿದು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುವ ಕೆಲಸ ಮಾತ್ರ ಇಂದಿಗೂ ಮೇಷ್ಟ್ರದೇ.